ಹಳೇ ಹಲ್ಲು, ಹೊಸ ಚೈನು

"ಇವನು ಶಾಲೆಗೂ ದಂಡ, ಅಂಗಡಿಗೂ ದಂಡ ಸಾರ್. ಹೆಂಡತಿ ತಮ್ಮ ಅಂತ ಇಟ್ಕೊಂಡಿದೀನಿ. ಇಲ್ಲದಿದ್ರೆ ಇಂಥ ಕೈಗೆ ಯಾರಾದ್ರೂ ಸ್ಪ್ಯಾನರ್ ಕೊಡ್ತಾರಾ?"

ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ನಿಂತವರಿಗೂ ಕೇಳುವ ಹಾಗೆ ಭಾವ ಹೇಳಿದ. ಒಬ್ಬಿಬ್ಬರು ನಕ್ಕರು. ಎದುರಿಗೆ ಔಷಧಿ ಅಂಗಡಿಯವರು ತಮ್ಮ ಹಳೆಯ ಮೌಂಟನ್ ಬೈಕು ಹಿಡಿದು ನಿಂತಿದ್ದರು. ಮೇಲ್ತುಟಿಗೆ ಹೊಲಿಗೆ ಬಿದ್ದಿತ್ತು.

ಅವರ ಮನೆಯ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಕೊಳೆತಿದ್ದ ಬೈಕು ಅದು. ಅದಕ್ಕೆ ಎರಡೂ ಚಕ್ರ, ಬ್ರೇಕು, ಕೇಬಲ್ಲು, ಚೈನು ಎಲ್ಲ ಹೊಸದು ಹಾಕಿದವನು ಈ ದಂಡದ ಭಾಮೈದನೇ. ಹೊಸದರ ದುಡ್ಡು ಇಸ್ಕೊಂಡರೂ ಹಿಂದಿನ ಹಲ್ಲುಚಕ್ರವನ್ನು ಮಾತ್ರ ಭಾವ ಬದಲಾಯಿಸಲು ಬಿಟ್ಟಿರಲಿಲ್ಲ. ಅದರ ಹಲ್ಲುಗಳು ಸವೆದು ಮುಳ್ಳಾಗಿದ್ದವು. ಸವೆದ ಹಲ್ಲಿನ ಮೇಲೆ ಹೊಸ ಚೈನು ಕೂರುವುದಿಲ್ಲ, ಒತ್ತಿ ತುಳಿದರೆ ಜಾರುತ್ತದೆ ಎಂದು ಇವನು ಬಡಕೊಂಡಿದ್ದ. ಭಾವ ಚಕ್ರದ ಕಡ್ಡಿಯೊಂದರಿಂದ ಕಿವಿ ಕೆರೆಯುತ್ತ, ಸೀಮೆಎಣ್ಣೆ ಹಾಕಿ ಉಜ್ಜು, ಯಾರು ಬಗ್ಗಿ ನೋಡ್ತಾರೆ ಎಂದಿದ್ದ. ಕಡ್ಡಿಯ ತುದಿಗೆ ಬಂದದ್ದನ್ನು ದಿಟ್ಟಿಸಿ, ಪ್ಯಾಂಟಿಗೆ ಒರೆಸಿ, ಅದೇ ಕಡ್ಡಿಯನ್ನು ಹೊಸ ಚಕ್ರಕ್ಕೆ ಪೋಣಿಸೆಂದು ಚಾಚಿದ್ದ.

ಇವನು ಪೋಣಿಸಿದ್ದ. ಹಲ್ಲನ್ನೂ ಉಜ್ಜಿದ್ದ. ಹೊಳಪು ಬಂದಾಗ ದೂರ ಹಿಡಿದು ನೋಡಿ ಖುಷಿಯೂ ಪಟ್ಟಿದ್ದ. ಈಗ ಆ ಹೊಲಿಗೆ ಬಿದ್ದ ತುಟಿಯಿಂದ ಕಣ್ಣು ತಪ್ಪಿಸಿದ. ಸೇತುವೆಯ ಏರಿನಲ್ಲಿ ಔಷಧಿ ಅಂಗಡಿಯವರು ಪೆಡಲಿನ ಮೇಲೆ ಎದ್ದು ನಿಂತು ತುಳಿದರಂತೆ, ಚೈನು ಜಾರಿ ಮುಖ ಹ್ಯಾಂಡಲಿಗೆ ಬಡಿಯಿತಂತೆ.

ಅವರು ಕೂಗಾಡಲಿಲ್ಲ. ಭಾವನನ್ನು ಬಿಟ್ಟು ಇವನ ಕಡೆ ತಿರುಗಿದರು.

"ನೀನೇ ಹೇಳಪ್ಪಾ. ಹಿಂದಿನ ಹಲ್ಲುಚಕ್ರಾನೂ ಹೊಸದೇ ಹಾಕಿದ್ಯಾ?"

"ಹಾಕಿದಾನೆ ಸಾರ್, ಬಿಗಿ ಮಾಡಿಲ್ಲ ಅಷ್ಟೇ," ಎಂದ ಭಾವ. ಗ್ರೀಸು ಮತ್ತು ಬೆವರಿನ ಕೈಯನ್ನು ಇವನ ಕತ್ತಿನ ಹಿಂದೆ ಇಟ್ಟು, ಕೂಸಿನ ತಲೆ ಬಾಗಿಸುವ ಹಾಗೆ ಮೆಲ್ಲಗೆ ಅದುಮಿದ. ತಪ್ಪಾಯ್ತು ಅಂದುಬಿಡಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆ ಬೆರಳುಗಳು ಹೇಳುತ್ತಿದ್ದದ್ದು ಅಷ್ಟೇ. ಇವನ ಹಾಸಿಗೆ ಇದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಟೈರುಗಳ ನಡುವೆ.

ಆ ಕೋಣೆಯ ಬಾಗಿಲಲ್ಲಿ ಅಕ್ಕ ಲೋಟ ಒರೆಸುತ್ತ ನಿಂತಿದ್ದಳು. ಸೀಮೆಎಣ್ಣೆ ತಂದುಕೊಟ್ಟವಳೂ ಅವಳೇ.

"ಅಂದುಬಿಡೋ," ಎಂದಳು ಮೆಲ್ಲಗೆ. "ನಿಂದೇನು ಗಂಟು ಹೋಗುತ್ತೆ?"

ಭಾವನ ಕೈಗಿಂತ ಆ ಮಾತು ಹೆಚ್ಚು ಅಸಹ್ಯವಾಯಿತು. ಇವನು ಕತ್ತು ಕೊಡವಿ ಬೈಕನ್ನು ತಲೆಕೆಳಗು ಮಾಡಿದ. ಹಿಂದಿನ ಚಕ್ರ ಬಿಚ್ಚಿದ. ಹಲ್ಲು ಮೇಲಾಗಿ ಔಷಧಿ ಅಂಗಡಿಯವರ ಕೈಗಿಟ್ಟ. ಅವರು ಒಂದು ಹಲ್ಲಿನ ಮೇಲೆ ಬೆರಳಾಡಿಸಿ, ಚುಚ್ಚಿದಂತಾಗಿ ಹಿಂದಕ್ಕೆಳೆದುಕೊಂಡರು. ಅಂಗಡಿಯಲ್ಲಿ ಯಾರೂ ನಗಲಿಲ್ಲ.

ಅಷ್ಟರಲ್ಲಿ ಇವನು ಬೀದಿಗಿಳಿದಿದ್ದ.

"ರಾತ್ರಿ ಎಲ್ಲಿ ಮಲಗ್ತೀಯೋ?" ಅಕ್ಕ ಹಿಂದಿನಿಂದ ಕೇಳಿದಳು.

ಇವನು ಪಕ್ಕದ ಸುಣ್ಣದ ಗೋಡೆಗೆ ಗ್ರೀಸಿನ ಅಂಗೈ ಒರೆಸುತ್ತ ನಡೆದ. ಕಪ್ಪು ಗೆರೆಯೊಂದು ಮೂಲೆಯವರೆಗೂ ಹೋಗಿ ತಿರುಗಿತು.