ಮಾಳಿಗೆಯ ಮಣ್ಣು

ಮಸ್ಕಿಯ ಹಳೇ ಬಜಾರಿನಲ್ಲಿ ಅಮರಗುಂಡಪ್ಪನ ಬಟ್ಟೆ ಅಂಗಡಿಗೆ ಶಟರ್ ಇಲ್ಲ. ಒಂಬತ್ತು ಹಲಗೆಗಳನ್ನು ಒಂದೊಂದಾಗಿ ನಿಲ್ಲಿಸಿ, ಸಂದಿಯಲ್ಲಿ ಜಾರಿಸಿ ಬಾಗಿಲು ಹಾಕಬೇಕು. ಒಂಬತ್ತನೆಯದು ಹೆಗಲು ಕೊಟ್ಟು ದೂಡದೆ ಒಳಗೆ ಹೋಗುತ್ತಿರಲಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ, ಮೇಲಿನ ತೊಲೆಗೆ ತಾಗುವ ಹಲಗೆಗಳ ತಲೆ ಹೆರೆಸುವುದು ಅಪ್ಪನ ಕಾಲದಿಂದ ನಡೆದುಬಂದಿತ್ತು.

ಈ ಬೇಸಿಗೆಯಲ್ಲಿ ಸಿಂಧನೂರಿನಿಂದ ಬಂದ ಎಂಜಿನಿಯರ್ ಮೇಲೆ ನೋಡಿ, "ತೊಲಿ ಬಾಗೈತ್ರಿ. ಮಳಿಗಾಲ ತಡಿಯೂದಿಲ್ಲ. ಕೆಡವಿ ಸ್ಲ್ಯಾಬ್ ಹಾಕ್ರಿ" ಎಂದು ಹೋದ. ಅಂಗಡಿ ಕಟ್ಟಿಸಿದ್ದು ಅಮರಗುಂಡಪ್ಪನ ಮುತ್ತ್ಯಾ. ಗುಡ್ಡದ ಕಲ್ಲು, ಬಂಡಿಯ ಮೇಲೆ ತಂದ ಸಾಗವಾನಿ ತೊಲೆ, ಅದರ ಮೇಲೆ ಮಣ್ಣು ಹಾಸಿದ ಮಾಳಿಗೆ. ಎರಡು ದಿನ ಬಿಟ್ಟು ಅಮರಗುಂಡಪ್ಪ ಹೂಂ ಅಂದ. ತೊಲೆಗಳನ್ನಾದರೂ ಮುರಿಯದಂತೆ ಇಳಿಸಲೆಂದು, ಅವನ ಜೊತೆ ಅಂಗಡಿ ನೋಡಿಕೊಳ್ಳುವ ಮಗಳು ಶಿವರಂಜನಿ ದಾವಲ್‌ಸಾಬ್ ಮೇಸ್ತ್ರಿಯನ್ನು ಕರೆಸಿದಳು.

ದಾವಲ್‌ಸಾಬ್ ಮಾಳಿಗೆ ಹತ್ತಿ ಗುದ್ದಲಿ ಹಾಕಿದ. ಅಗೆದಷ್ಟೂ ಮಣ್ಣೇ.

"ಅಮರಗುಂಡಪ್ಪನವರ, ವರ್ಷಾ ಸವಳು ಮಣ್ಣು ಹಾಕ್ತೀರೇನು?"

"ಸೋರಬಾರದಂತ ಮಳಿಗಿಂತ ಮೊದಲು ಹಾಕೂದು ರೂಢಿ. ಮೊದಲ್ನೇ ಬುಟ್ಟಿ ಮನಿ ಹಿರೇನ ಕೈಲೆ. ಒಂದು ವರ್ಷನೂ ತಪ್ಪಿಸಿಲ್ಲ."

"ಹಳೇ ಮಣ್ಣು ತೆಗದಿದ್ದು ಯಾವಾಗ?"

"ತೆಗಿಯೂದ್ಯಾಕ? ಹಿರ್‍ಯಾರು ಹಾಕಿದ ಮಣ್ಣು ಕೆದರಬಾರದಂತಿದ್ದ ನಮ್ಮಪ್ಪ."

"ಅದನ್ನ ತೊಲಿಗೆ ಯಾರೂ ಹೇಳಿಲ್ಲ ಕಾಣ್ತೈತಿ" ಎಂದು ದಾವಲ್‌ಸಾಬ್ ನಕ್ಕ. "ಹುಳ ಹತ್ತಿಲ್ಲ, ಸೀಳಿಲ್ಲ. ಒಂದು ಗೇಣು ಇರಬೇಕಾದ ಮಣ್ಣು ಒಂದೂವರಿ ಮೊಳ ಆಗೈತಿ. ಹೊತ್ತು ಹೊತ್ತು ಬಾಗೈತಿ, ಅಷ್ಟ."

"ಹಂಗಾದ್ರ ಕೆಡವೂದು ಬ್ಯಾಡೇನು ಕಾಕಾ?" ಶಿವರಂಜನಿ ಕೇಳಿದಳು.

"ಭಾರ ಇಳಸ್ರಿ. ಆಮ್ಯಾಲ ನೋಡೂಣು."

ಅಮರಗುಂಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದ, ಮತ್ತೆ ಹಾಕಿಕೊಂಡ.

"ಅಪ್ಪಾ, ಕೆಡವಾಕ ಹೂಂ ಅಂದಿ. ಕೆಡವಿದ್ರ ಆ ಮಣ್ಣು ಎಲ್ಲಿಗೆ ಹೋಗ್ತಿತ್ತು?"

ಅವನು ಚಪ್ಪಲಿ ಬಿಟ್ಟು ನಿಚ್ಚಣಿಕೆ ಹತ್ತಿದ. ಮೊದಲ ಬುಟ್ಟಿ ತಾನೇ ತುಂಬಿದ.

ತೊಲೆಗಳಿಗೆ ಕೆಳಗಿನಿಂದ ಕಂಬ ಕೊಟ್ಟು ಆರು ದಿನ ಮಣ್ಣು ಇಳಿಸಿದರು. ಕಡಿದ ಅಂಚಿನಲ್ಲಿ ಪದರುಗಳು ಕಾಣುತ್ತಿದ್ದವು: ಬೂದಿ ಬಣ್ಣದ್ದು, ಬಿಳಿಯದು, ಹೊಟ್ಟು ಮಿನುಗುವುದು.

"ಈ ಹೊಟ್ಟಿಂದು ನಮ್ಮಪ್ಪಂದು" ಎಂದ ಅಮರಗುಂಡಪ್ಪ, ಬೆರಳಿನಿಂದ ಮುಟ್ಟಿ. "ಹೊಟ್ಟು ಕಲಸದ ಹಾಕ್ತಿದ್ದಿಲ್ಲ." ಆ ಹೆಂಟೆಯನ್ನೂ ಬುಟ್ಟಿಗೇ ಹಾಕಿದ. ಟ್ರ್ಯಾಕ್ಟರ್ ಎಲ್ಲವನ್ನೂ ಹಳ್ಳದ ದಂಡೆಗೆ ಒಯ್ದಿತು. ಕೊನೆಗೆ ಒಂದು ಗೇಣು ಉಳಿಸಿ, ಮಟ್ಟಸ ಮಾಡಿ, ಕಂಬ ತೆಗೆದರು. ತೊಲೆ ಕದಲಲಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಅಮರಗುಂಡಪ್ಪ ಬಾಗಿಲು ಹಾಕುತ್ತಿದ್ದ. ಒಂಬತ್ತನೇ ಹಲಗೆಗೆ ರೂಢಿಯಂತೆ ಹೆಗಲು ಕೊಟ್ಟ. ಅದು ಸರ್ರನೆ ಒಳಗೆ ಹೋಗಿ, ಅವನು ಮುಗ್ಗರಿಸಿ ಗೋಡೆ ಹಿಡಿದ. ಹಲಗೆ ಸಡಿಲವಾಗಿ ಲೊಟಲೊಟ ಅನ್ನುತ್ತಿತ್ತು. ಅದರ ತಲೆಯ ಮೇಲೆ ಒಂದು ಬೆರಳಿನಷ್ಟು ಬೆಳಕು.

ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ದಾವಲ್‌ಸಾಬ್ ಎದ್ದು ಬಂದ. "ನಾಳೆ ಮ್ಯಾಲೊಂದು ಪಟ್ಟಿ ಬಡೀತೀನಿ ಬಿಡ್ರಿ."

ಅಮರಗುಂಡಪ್ಪ ಸಂದಿಗೆ ಬೆರಳಿಟ್ಟು ನೋಡಿದ.

"ಅವಸರ ಮಾಡಬ್ಯಾಡೋ" ಎಂದ. "ತೊಲಿ ಇನ್ನೂ ಏಳತೈತೇನೋ, ನೋಡೂಣು."