ಕಪ್ತಾನನ ಮಾತು

ದಿಂಬಿನ ಕೆಳಗೆ ಫೋನು ಒಮ್ಮೆ ಟಣ್ ಎಂದಿತು. ಸೈಲೆಂಟಿಗೆ ಹಾಕಲು ಮರೆತಿದ್ದಕ್ಕೆ ತನ್ನನ್ನೇ ಬೈದುಕೊಂಡು ವಾಣಿಶ್ರೀ ಉಸಿರು ಬಿಗಿಹಿಡಿದಳು. ಪಕ್ಕದಲ್ಲಿ ಗಂಡನ ಗೊರಕೆ ತುಸು ತಡವರಿಸಿ ಮತ್ತೆ ದಾರಿಗೆ ಬಂತು. ಡಬ್ಬಿಂಗ್ ಸ್ಟುಡಿಯೋದವರು ಕಳಿಸಿದ್ದನ್ನು ಹೊದಿಕೆಯೊಳಗೇ ಓದಿದಳು: "ಮೇಡಂ, ಸೀರೀಸ್ ಬಂದಿದೆ. ಪ್ರತಿ ಕಂತಿನ ಕೊನೆಗೂ ನಿಮ್ಮ ಹೆಸರಿದೆ."

ನಾಲ್ಕು ತಿಂಗಳು ಹಿಂದಿನ ಕೋಣೆಯಲ್ಲಿ ಕೂತು ಅವಳು ಆ ಇಂಗ್ಲಿಷ್ ಸರಣಿಗೆ ಕನ್ನಡದ ಮಾತು ಬರೆದಿದ್ದಳು. ಶಾಲೆಯ ಗೈಡುಗಳ ಪ್ರೂಫ್ ತಿದ್ದುತ್ತಾಳೆಂದು ಮನೆಯವರು ತಿಳಿದಿದ್ದರು. ಅದಕ್ಕಿಂತ ಹೆಚ್ಚು ತಿಳಿಯುವ ಆಸೆ ಯಾರಿಗೂ ಇರಲಿಲ್ಲ. ಕಥೆಯೇನೂ ಹೇಳಿಕೊಳ್ಳುವಂಥದ್ದಲ್ಲ. ಸಮುದ್ರದ ತಳ ಕೊರೆಯುವ ಕಂಪನಿಯೊಂದು ಯುಗಗಳಿಂದ ಮಲಗಿದ್ದ ಪ್ರಾಣಿಯನ್ನು ಎಬ್ಬಿಸುತ್ತದೆ. ಉಡಕ್ಕೆ ಹಲಸಿನ ಸಿಪ್ಪೆ ಹೊದಿಸಿದಂಥ ಆ ಪ್ರಾಣಿ ಬಂದರುಗಳನ್ನು ತುಳಿಯುತ್ತ ನಡೆಯುತ್ತದೆ. ಬುದ್ಧಿವಂತರೆಲ್ಲ ಅದರ ಕಾಲ ಬುಡಕ್ಕೇ ಹೋಗಿ ನಿಂತು ವಾದ ಮಾಡುತ್ತಾರೆ. ಕೆಲಸ ಮಾತ್ರ ಸುಲಭವಿರಲಿಲ್ಲ. ಪರದೆಯ ಮೇಲೆ ತುಟಿ ಮುಚ್ಚುವ ಹೊತ್ತಿಗೆ ಮಾತೂ ಮುಗಿಯಬೇಕು. ತುಟಿಗೆ ಕೂರುವ ಒಂದೇ ಪದಕ್ಕಾಗಿ ಅರ್ಧ ದಿನ ಹುಡುಕಿದ್ದೂ ಉಂಟು.

ಕನ್ನಡ ಎಂ.ಎ. ಮಾಡಿದವಳು. ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದನ್ನು, ಸಂಬಳ ಬಸ್ ಚಾರ್ಜಿಗೂ ಸಾಲದೆಂದು ಗಂಡ ಬಿಡಿಸಿದ್ದ. ಮದುವೆಯ ಪತ್ರಿಕೆಯ ನಂತರ ಅವಳ ಹೆಸರು ಎಲ್ಲಿಯೂ ಅಚ್ಚಾಗಿರಲಿಲ್ಲ. ಈಗ ಅದನ್ನು ಮನೆಯವರು ತಮ್ಮ ಕಣ್ಣಾರೆ ಟೀವಿಯಲ್ಲಿ ನೋಡಬೇಕು. ತಾನಾಗಿ ಬಾಯಿಬಿಟ್ಟು ಹೇಳಬಾರದು.

ಮರುದಿನ ಭಾನುವಾರ. ತ್ಯಾವಣಿಗೆಯಿಂದ ನಾದಿನಿ ಅನ್ನಪೂರ್ಣ ಬಂದಿದ್ದಳು. ಖಾರ ಮಂಡಕ್ಕಿಯ ತಟ್ಟೆಗಳನ್ನಿಟ್ಟು ವಾಣಿಶ್ರೀ ರಿಮೋಟನ್ನು ತಾನೇ ಹಿಡಿದು ಕೂತಳು. ಕಂತು ಮುಗಿದೊಡನೆ ಗುಂಡಿ ಒತ್ತದಿದ್ದರೆ ಹೆಸರುಗಳನ್ನು ಅಲ್ಲಿಗೇ ಬಿಟ್ಟು ಟೀವಿ ಮುಂದಿನ ಕಂತಿಗೆ ಜಿಗಿಯುತ್ತದೆ.

"ಕನ್ನಡದಾಗೆ ಹಾಕ್ತೀಯಾ? ಹಿಂದಿಗೆ ಹಾಕು," ಎಂದ ಗಂಡ ವಿನಯ್ ಕುಮಾರ. "ಈ ಡಬ್ಬಿಂಗ್ ಕನ್ನಡ ಕೇಳಾಕೆ ಆಗಲ್ಲ. ಯಾವನೋ ಮೇಷ್ಟ್ರು ಬರ್ದಿರ್ತಾನೆ."

"ದುಡ್ಡು ಕಟ್ಟೋನು ನೀನಾದ್ರೂ ನೋಡೋಳು ನಾನು. ಕನ್ನಡನೇ ಇರ್ಲಿ," ಎಂದರು ಅತ್ತೆ ದ್ಯಾಮಮ್ಮ.

"ಇವ್ನೆಲ್ಲಿ ಕಟ್ತಾನವ್ವಾ? ಇದು ನಮ್ಮ ಮನೆಯೋರ ಪಾಸ್‌ವರ್ಡು!" ಅನ್ನಪೂರ್ಣ ಕಿಸಕ್ಕೆಂದಳು.

ಪ್ರಾಣಿ ನೀರಿನಿಂದ ಎದ್ದಿತು.

"ಅಯ್ಯಯ್ಯೋ, ಇದು ಸೂಳೆಕೆರೆಗೆ ಇಳಿದ್ರೆ ನೀರು ಮೊಣಕಾಲಿಗೂ ಬರಲ್ಲ!" ಎಂದಳು ಅನ್ನಪೂರ್ಣ.

"ಅಷ್ಟು ದೊಡ್ಡದು, ಮೇವಿಗೆ ಏನು ಮಾಡ್ತತೆ?"

"ಜನಾನೇ ತಿಂತತೆ ಕಣವ್ವಾ."

"ಅಷ್ಟರಿಂದ ಹೊಟ್ಟೆ ತುಂಬ್ತತಾ?" ದ್ಯಾಮಮ್ಮನಿಗೆ ನಂಬಿಕೆ ಬರಲಿಲ್ಲ.

ಆಮೇಲೆ ಹಡಗಿನ ಕಪ್ತಾನ ಬಂದ. ಎಂಜಿನ್ನಿನ ಸದ್ದಿಗೇ ಪ್ರಾಣಿ ಬರುತ್ತಿದೆ, ನಿಲ್ಲಿಸಿ ಎಂದು ವಿಜ್ಞಾನಿ ಹೆಂಗಸೊಬ್ಬಳು ಬೇಡಿಕೊಂಡಳು. ಅವನು ತಿರುಗಿಯೂ ನೋಡದೆ ಹೇಳಿದ: "ನಿನ್ನ ಯಾರಾದ್ರೂ ಕೇಳಿದ್ರಾ? ಕೇಳಿದಾಗ ಹೇಳು."

ವಾಣಿಶ್ರೀಗೆ ಹೆದರಿಕೆಯಾಯಿತು. ಬರೆಯುವಾಗ ಆ ಮಾತು ಥಟ್ಟನೆ ತುಟಿಗೆ ಕೂತಿತ್ತು. ಎಷ್ಟು ಚೆನ್ನಾಗಿ ಕೂತಿತೆಂದು ಹಿಗ್ಗಿದ್ದಳೇ ಹೊರತು ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ. ಅದು ವಿನಯನ ಮಾತು. ಸೈಟು ಮಾರುವಾಗ, ಅತ್ತೆಯ ಡಾಕ್ಟರನ್ನು ಬದಲಿಸೋಣ ಎಂದಾಗ, ಕಾಲೇಜು ಬಿಡಲಾರೆ ಎಂದಾಗ ಆಡಿದ್ದು. ಅವನ ಉಳಿದ ಮಾತುಗಳೂ ಒಂದೊಂದಾಗಿ ಕಪ್ತಾನನ ಬಾಯಿಂದ ಬಂದವು. "ಓದಿದ ತಲೆ ಮನೇಲಿಟ್ಟು ಬಾ." "ನಗಬೇಡ, ಚೆನ್ನಾಗಿ ಕಾಣಲ್ಲ."

ಅವಳು ಓರೆಗಣ್ಣಿನಿಂದ ಗಂಡನನ್ನು ನೋಡಿದಳು. ಮಂಡಕ್ಕಿ ಅಗಿಯುತ್ತಿದ್ದ ಅವನ ದವಡೆ ನಿಂತಿತ್ತು.

"ಎಂಥಾ ದುರಹಂಕಾರಿ ಇವನು!" ಎಂದ ವಿನಯ್. "ಓದಿದ ಹೆಂಗಸು ಹೇಳ್ತಾ ಅದಾಳೆ, ಕೇಳ್ಬೇಕೋ ಬ್ಯಾಡ್ವೋ?"

"ಇವನ ಹೆಂಡ್ತಿ ಹೆಂಗೆ ಬಾಳ್ವೆ ಮಾಡ್ತಾಳೋ ಶಿವನೇ," ಎಂದು ದ್ಯಾಮಮ್ಮ ಲೊಚಗುಟ್ಟಿದರು. "ಹೆತ್ತೋಳು ಏನೂ ಕಲ್ಸಿಲ್ಲ."

"ಇವನ್ನೇ ಮೊದ್ಲು ತುಳೀಬೇಕು ನೋಡಣ್ಣಾ."

ಪ್ರಾಣಿ ತುಳಿಯಿತು. ವಿನಯ್ ಚಪ್ಪಾಳೆ ಹೊಡೆದ. "ಹಂಗಾಗ್ಬೇಕು ನನ್ಮಗಂಗೆ! ಕನ್ನಡ ಪರವಾಗಿಲ್ಲ ಬಿಡು, ಯಾವನೋ ಚೆನ್ನಾಗೇ ಬರ್ದಾನೆ."

ವಾಣಿಶ್ರೀಗೆ ಹೆದರಿಕೆ ಇಳಿಯಿತು. ಆ ಜಾಗಕ್ಕೆ ಬಂದದ್ದು ಸಿಟ್ಟೂ ಅಲ್ಲ. ಇಷ್ಟು ವರ್ಷ ಈ ಮಾತುಗಳಿಗೆ ಒಲೆಯ ಮುಂದೆ ನಿಂತು ಉತ್ತರ ಹೊಸೆದು, ಹೊಸೆದದ್ದನ್ನು ನುಂಗಿದ್ದಳು. ಆಡಿದವನಿಗೆ ಅವುಗಳ ಗುರುತೇ ಇಲ್ಲ. ಮೀಸೆಗೆ ಮಂಡಕ್ಕಿಯ ಪುಡಿ ಮೆತ್ತಿಕೊಂಡ ಈ ಮನುಷ್ಯ ತನ್ನ ಹೆಸರು ಓದಲೆಂದು ತಾನು ನಾಲ್ಕು ತಿಂಗಳು ಆಸೆಪಟ್ಟದ್ದು ಅವಳಿಗೆ ನಾಚಿಕೆ ತರಿಸಿತು.

ಕಂತು ಮುಗಿಯಿತು. ಮೂಲೆಯಲ್ಲಿ 'ಮುಂದಿನ ಕಂತು' ಎಂಬ ಚೌಕ ಮೂಡಿತು. ಗುಂಡಿ ಹೆಬ್ಬೆರಳ ಕೆಳಗೇ ಇತ್ತು.

"ಏನು ನೋಡ್ತಾ ಕೂತೆ? ಮುಂದಿಂದು ಬರ್ಲಿ ಬಿಡು," ಎಂದ ವಿನಯ್.

ಮುಂದಿನದರಲ್ಲಿ ಕಪ್ತಾನನ ತಾಯಿ ಇದ್ದಾಳೆ. ಮಗ ಸತ್ತ ಸುದ್ದಿ ತಂದ ಸೊಸೆಯನ್ನು ಹೊಸಿಲಲ್ಲೇ ನಿಲ್ಲಿಸಿಕೊಂಡು ಮಾತಾಡುತ್ತಾಳೆ. ಆ ಮಾತುಗಳೂ ಬರೆಯುವಾಗ ಥಟ್ಟನೆ ತುಟಿಗೆ ಕೂತಿದ್ದವು; ಎಲ್ಲಿಂದ ಬಂದವೆಂದು ಈಗ ಗೊತ್ತು.

ವಾಣಿಶ್ರೀ ಹೆಬ್ಬೆರಳು ಸರಿಸಿದಳು. ಇವತ್ತೂ ಇಲ್ಲ, ನಾಳೆಯೂ ಇಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ. ಸಣ್ಣ ಬಿಳಿ ಸಾಲುಗಳು ಓದಲಾಗದಷ್ಟು ಬೇಗ ಮೇಲೇರಿ ಮರೆಯಾದವು. ಪರದೆಯ ಮೇಲೆ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಬಾಗಿಲು ತೆರೆದಳು. ದ್ಯಾಮಮ್ಮ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.