ತಾಲೀಮಿನ ಸಾಹೇಬ

ಮರಕ್ಕೆ ಪಾಲಿಷ್ ಹೊಡೆಯುವ ಅಂಗಡಿಯವನ ಬಾಯಿಗೆ ಹೆದರದವರು ಆ ಬೀದಿಯಲ್ಲೇ ಇರಲಿಲ್ಲ. ಅವನಿಗೆ ಎರಡನೇ ಕೆಲಸ ಸಿಕ್ಕಿದ್ದೂ ಆ ಬಾಯಿಂದಲೇ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮೇಷ್ಟ್ರು, ಹೊರದೇಶಕ್ಕೆ ಓದಲು ಹೊರಟ ಹೊಸಬರನ್ನು ವೀಸಾ ಸಂದರ್ಶನಕ್ಕೆ ತಯಾರು ಮಾಡುತ್ತಿದ್ದ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಇವನಿಂದ ಉಗಿಸಿಕೊಂಡ ಹುಡುಗರು ನಿಜವಾದ ಅಧಿಕಾರಿಯ ಮುಂದೆ ನಡುಗುವುದಿಲ್ಲ ಎಂದು ಮೇಷ್ಟ್ರಿಗೆ ಹೊಳೆದದ್ದೇ ತಡ, ಶನಿವಾರ ಮಧ್ಯಾಹ್ನ ಇವನನ್ನೇ ಅಧಿಕಾರಿಯ ಕುರ್ಚಿಗೆ ಏರಿಸಿದ. ವಿಮಾನವನ್ನು ತಲೆ ಎತ್ತಿ ನೋಡಿದ್ದು ಬಿಟ್ಟರೆ ಇನ್ನೇನೂ ಅರಿಯದವನು, ಅದನ್ನು ಹತ್ತುವವರನ್ನು ಜಾಲಾಡತೊಡಗಿದ.

ಮುಚ್ಚಿಹೋದ ಸಿನಿಮಾ ಮಂದಿರದ ಟಿಕೆಟ್ ಕಿಟಕಿಯ ಗಾಜನ್ನು ಮೇಜಿನ ಮೇಲೆ ನಿಲ್ಲಿಸಿದ್ದರು. ಅದರ ತೂತು ತೀರಾ ಕೆಳಗೆ. ಬಗ್ಗಿ ಬಗ್ಗಿ ಅಭ್ಯಾಸವಾದವರು ನಿಜವಾದ ಕಚೇರಿಯಲ್ಲಿ ಮೈಕ್ ಇದ್ದರೂ ಬಗ್ಗಿಯೇ ಮಾತಾಡಿ ಬಂದರು. ಏನಾದರೂ ಬೀಳಿಸಿಕೊಂಡಿರಾ ಎಂದು ಅಲ್ಲಿನ ಸಾಹೇಬರು ಕೇಳಿದರಂತೆ. ಆದರೂ ಗಾಜು ಬದಲಾಗಲಿಲ್ಲ.

ಒಂದು ಶನಿವಾರ ಸಾಲಿನಲ್ಲಿ ಅವನ ಅಕ್ಕನ ಮಗಳಿದ್ದಳು. ಬೆಳಿಗ್ಗೆಯೇ ಅಕ್ಕ ಅಂಗಡಿಗೆ ಬಂದು ಗೋಳು ತೋಡಿಕೊಂಡಿದ್ದಳು. ಇರೋದೇ ಒಂದು ಕುಡಿ, ಹೋದರೆ ತಿರುಗಿ ಬರುವ ನಂಬಿಕೆ ಇಲ್ಲ, ತಾನು ಬೇಡವೆಂದರೆ ಹಟ ಇನ್ನೂ ಬಲಿಯುತ್ತದೆ.

"ಊರಿಗೆಲ್ಲ ಬಯ್ಯೋ ಬಾಯಿ, ಒಂದಿನ ನನ್ನ ಉಪಯೋಗಕ್ಕೂ ಬರಲಿ. ಅವಳಾಗೇ ಕೈ ಬಿಡೋ ಹಾಗೆ ಬೆದರಿಸು."

ಅವನು ಹೂಂ ಅಂದಿದ್ದ. ತಾನು ಎತ್ತಿ ಆಡಿಸಿದ ಮಗು ಕಣ್ಣೆದುರೇ ಇರಲಿ ಎಂಬ ಆಸೆ ಅವನಿಗೂ ಇತ್ತು.

ಹುಡುಗಿ ಬಂದು ಬಗ್ಗಿದಳು. ಆ ದೇಶದ ಶಿಕ್ಷಣದ ಗುಣಮಟ್ಟ, ಆಧುನಿಕ ಪ್ರಯೋಗಾಲಯ ಎಂದು ಗಿಳಿಪಾಠ ಶುರುಮಾಡಿದಳು. ಅವನ ಪಿತ್ತ ನೆತ್ತಿಗೇರಿತು. ಇದೇ ಮಾತನ್ನು ಅವಳಿಗಿಂತ ಮುಂಚಿನ ನಾಲ್ಕು ಜನರೂ ಒಪ್ಪಿಸಿದ್ದರು.

"ಮೇಷ್ಟ್ರ ಎಂಜಲು ನನಗೆ ಬೇಡ. ಇಲ್ಲಿ ಸಿಗದೇ ಇರೋದು ಅಲ್ಲೇನು ಇಟ್ಟಿದಾರೆ?"

ಅವಳು ಕೆಂಪಗಾದಳು. "ಮರ ತಿನ್ನೋ ಬೂಷ್ಟು, ಮಾವ."

"ಬೂಷ್ಟಿಗೆ ತೇವ ಸಾಕು. ಅದಕ್ಕೆ ವಿಮಾನ ಯಾಕೆ?"

"ನಮ್ಮನೆ ಹಿತ್ತಲ ಬಾಗಿಲು ಎರಡು. ಒಂದೇ ಮರ, ಒಂದೇ ಗೋಡೆ, ಒಂದೇ ತೇವ. ಒಂದರ ಚೌಕಟ್ಟು ಒಳಗೆಲ್ಲ ಪುಡಿ, ಇನ್ನೊಂದು ಗಟ್ಟಿ. ಯಾಕೆ?"

ಆ ಚೌಕಟ್ಟುಗಳಿಗೆ ಪಾಲಿಷ್ ಹೊಡೆದವನು ಅವನೇ. ಒಂದಕ್ಕೆ ಪಾಲಿಷ್ ಸರಿಯಾಗಿ ಹಿಡಿದಿರಲಿಲ್ಲವೇನೋ ಎಂದ. ಅದನ್ನೂ ಕೆರೆದು ನೋಡಿದೆ ಎಂದಳು. ಗಟ್ಟಿ ಚೌಕಟ್ಟಿನಲ್ಲಿ ಬೇರೊಂದು ಬೂಷ್ಟು ಮೊದಲೇ ಮನೆ ಮಾಡಿಕೊಂಡು ಇದನ್ನು ಒಳಗೆ ಬಿಟ್ಟಿಲ್ಲವೇನೋ, ಅದು ತನ್ನ ಊಹೆ ಮಾತ್ರ, ಅದನ್ನು ಪರೀಕ್ಷಿಸುವ ಒಬ್ಬ ಪ್ರಾಧ್ಯಾಪಕಿ ಅಲ್ಲಿದ್ದಾಳೆ ಎಂದಳು. ಬೂಷ್ಟಿಗೂ ಗಡಿ ಜಗಳ ಇರುತ್ತದೆಯೇ? ಮೊದಲು ಬಂದದ್ದು ಯಾವುದೆಂದು ತಿಳಿಯುವುದು ಹೇಗೆ? ಅವನು ಕೇಳುತ್ತಲೇ ಹೋದ. ಸಾಲಿನಲ್ಲಿದ್ದವರು ಗೊಣಗಿದರು. ಮೇಷ್ಟ್ರು ಎರಡು ಸಲ ಕೆಮ್ಮಿದ.

ಕೊನೆಗೆ ಅವನು ಧಡಧಡ ಇಳಿದು ಹೋಗಿ, ಅಂಗಡಿಯಲ್ಲಿ ಕಾಯುತ್ತಿದ್ದ ಅಕ್ಕನನ್ನು ಮೇಲಕ್ಕೆ ಕರೆತಂದ.

"ಬೆದರಿಸೋಕೆ ನನ್ನ ಕೈಲಾಗಲಿಲ್ಲ. ಹೆತ್ತವಳು ನೀನು, ನೀನೇ ಕೂತು ಕೇಳು."

ಅಕ್ಕ ಅಧಿಕಾರಿಯ ಕುರ್ಚಿಯ ತುದಿಯಲ್ಲಿ ಕೂತಳು. ಅವಳಿಗೆ ಇದ್ದದ್ದು ಒಂದೇ ಪ್ರಶ್ನೆ.

"ಓದು ಮುಗಿದ ಮೇಲೆ ವಾಪಸ್ ಬರ್ತೀಯಾ?"

ಓದು ಮುಗಿದ ಕೂಡಲೇ ತಾಯ್ನಾಡಿಗೆ ಮರಳುತ್ತೇನೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸಾಲಿನಲ್ಲಿ ಯಾರೋ ಅದನ್ನು ಪಿಸುಗುಟ್ಟಿಯೂ ಕೊಟ್ಟರು. ಹುಡುಗಿ ತೆಗೆದುಕೊಳ್ಳಲಿಲ್ಲ.

"ಗೊತ್ತಿಲ್ಲಮ್ಮ. ಬರಬೇಕು ಅಂತ ಆಸೆ ಇದೆ. ಆಣೆ ಮಾಡಿ ಹೇಳೋಕೆ ಬರಲ್ಲ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ನನ್ನ ಹತ್ರ ಹೇಳಿದೆ, ಸರಿ. ಅಲ್ಲಿ ವೀಸಾ ಸಾಹೇಬರ ಮುಂದೆ ಹೀಗೆ ಹೇಳಿದರೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಮೊದಲು ಆ ಆಸೆ ಇರೋದನ್ನ ಹೇಳು. ಎಲ್ಲಿ, ಇನ್ನೊಂದು ಸಲ ಹೇಳು ನೋಡೋಣ."